ಹೊಸ ಹುಡುಗರು ಕೇಳುವುದೇನು? ಶಾಪ್ ಫ್ಲೋರ್ ಕಲಿಸಿದ ಒಂಬತ್ತು ಪಾಠಗಳು

‘ಈಗಿನ ಹುಡುಗರು ಒಂದು ಕಡೆ ನಿಲ್ಲೋದಿಲ್ಲ ಸ್ವಾಮಿ’ ಎಂಬ ಮಾತು ಪೀಣ್ಯದ ಯಾವ ಕಾರ್ಖಾನೆಗೆ ಹೋದರೂ ಕೇಳಿಸುತ್ತದೆ. ಇಂದು ಬಂದು ಕೆಲಸಕ್ಕೆ ಸೇರುತ್ತಾರೆ, ಸಂಬಳ ಕೈಗೆ ಬಂದ ಮರುದಿನ ಕಾಣುವುದಿಲ್ಲ, ಫೋನ್ ಎತ್ತುವುದಿಲ್ಲ ಎಂಬ ದೂರಿನಲ್ಲಿ ಸುಳ್ಳೇನಿಲ್ಲ. ಆದರೆ ಅವರೇಕೆ ಹೋದರು ಎಂದು ಕೂತು ವಿಚಾರಿಸುವವರು ಕಡಿಮೆ. ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ, ಮೊದಲು ಪೀಣ್ಯದಲ್ಲಿ, ಆಮೇಲೆ ದಾಬಸ್‌ಪೇಟೆಯಲ್ಲಿ ಕೆಲಸ ಮಾಡಿದವನು ನಾನು. ಐಟಿಐ, ಡಿಪ್ಲೊಮಾ ಮುಗಿಸಿ ಬಂದವರನ್ನು ಆರಿಸುವುದು, ನಿಲ್ಲಿಸಿಕೊಳ್ಳುವುದು, ಹೊರಟವರ ಲೆಕ್ಕ ಚುಕ್ತಾ ಮಾಡುವುದು ನನ್ನ ಉದ್ಯೋಗ. ಆ ಅನುಭವದಿಂದ ಒಂದು ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ. ಈ ಹುಡುಗ ಹುಡುಗಿಯರು ಕೇಳುವುದರಲ್ಲಿ ಹೆಚ್ಚಿನ ಪಾಲು ಕಾನೂನು ಎಂದೋ ಕೊಟ್ಟದ್ದು, ಉಳಿದದ್ದು ಮನುಷ್ಯರ ನಡುವಿನ ಸಾಧಾರಣ ಮರ್ಯಾದೆ. ಹಿಂದಿನವರು ಮನಸ್ಸಿನಲ್ಲೇ ಇಟ್ಟುಕೊಂಡದ್ದನ್ನು ಇವರು ಮೊದಲ ದಿನವೇ ಬಾಯಿಬಿಟ್ಟು ಕೇಳುತ್ತಾರೆ. ಸಣ್ಣ ಮತ್ತು ಮಧ್ಯಮ ಉದ್ದಿಮೆ ನಡೆಸುವವರಿಗೆ, ಸೂಪರ್‌ವೈಸರ್‌ಗಳಿಗೆ, ನನ್ನಂತೆ ಸಿಬ್ಬಂದಿ ವಿಭಾಗದಲ್ಲಿ ಕೂತವರಿಗೆ ಉಪಯೋಗವಾದೀತೆಂದು ಈ ಪಾಠಗಳನ್ನು ಬರೆದಿದ್ದೇನೆ.

1. ಸಂಬಳವನ್ನು ಕೈಗೆ ಬರುವ ಲೆಕ್ಕದಲ್ಲಿ ಹೇಳಿ

ಸಂದರ್ಶನದಲ್ಲಿ ನಾವು ಹೇಳುವ ಮೊತ್ತಕ್ಕೂ ಬ್ಯಾಂಕ್ ಖಾತೆಗೆ ಬೀಳುವ ಮೊತ್ತಕ್ಕೂ ಇರುವ ಅಂತರವೇ ಮೊದಲ ಜಗಳದ ಮೂಲ. ಒಂದು ಲೆಕ್ಕ ನೋಡಿ. ಒಬ್ಬ ಆಪರೇಟರ್‌ನ ತಿಂಗಳ ಸಂಬಳ 20,000 ರೂಪಾಯಿ, ಅದರಲ್ಲಿ ಪಿಎಫ್ ಲೆಕ್ಕಕ್ಕೆ ಬರುವುದು 15,000. ಅವನ ಪಾಲಿನ ಪಿಎಫ್ ಶೇ 12, ಅಂದರೆ 1,800 ರೂಪಾಯಿ ಕಡಿತವಾಗುತ್ತದೆ. ಇಎಸ್‌ಐಗೆ ಶೇ 0.75ರಂತೆ 150 ರೂಪಾಯಿ. ಕೈಗೆ ಬರುವುದು 18,050. ಮಾಲೀಕರ ಪಾಲಿನ ಪಿಎಫ್ 1,800 ಮತ್ತು ಶೇ 3.25ರ ಇಎಸ್‌ಐ 650 ಸೇರಿಸಿದರೆ ಸಿಟಿಸಿ 22,450 ಆಗುತ್ತದೆ. ಕ್ಯಾಂಟೀನ್, ಬಸ್ಸಿನ ಕಡಿತ ಇನ್ನೂ ಹಿಡಿದಿಲ್ಲ. ಸಂದರ್ಶನದಲ್ಲಿ ‘ಇಪ್ಪತ್ತೆರಡೂವರೆ ಸಾವಿರ’ ಎಂದು ಕೇಳಿ ಊರಿಗೆ ಫೋನ್ ಮಾಡಿ ಹೇಳಿದವನಿಗೆ ಹದಿನೆಂಟು ಸಾವಿರ ಬಂದರೆ, ನಮ್ಮ ಲೆಕ್ಕವೆಲ್ಲ ಸರಿಯಿದ್ದರೂ, ಮೋಸವಾಯಿತು ಎನ್ನಿಸುವುದು ಸಹಜ.

ಈ ಅಂತರ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ಕೋಲಾರ ಜಿಲ್ಲೆಯ ನರಸಾಪುರ ಕಂಡಿದೆ. 2020ರ ಡಿಸೆಂಬರ್ 12ರಂದು ಅಲ್ಲಿನ ವಿಸ್ಟ್ರಾನ್ ಐಫೋನ್ ಕಾರ್ಖಾನೆಯಲ್ಲಿ ಕಾರ್ಮಿಕರ ಸಿಟ್ಟು ದಾಂಧಲೆಯಾಗಿ ಸಿಡಿಯಿತು. ಒಪ್ಪಿಕೊಂಡ ಸಂಬಳ ಬಂದಿಲ್ಲ, ಓಟಿ ಲೆಕ್ಕ ಸರಿಯಿಲ್ಲ, ಎಂಟು ಗಂಟೆಯ ಪಾಳಿ ಹನ್ನೆರಡಾಗಿದೆ ಎಂಬುದು ದೂರು. ಅಲ್ಲಿದ್ದವರಲ್ಲಿ ಬಹುಪಾಲು ಗುತ್ತಿಗೆ ಏಜೆನ್ಸಿಗಳ ಮೂಲಕ ಸೇರಿದ ಎಳೆಯರು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿಲ್ಲವೆಂದು ಕಂಪನಿಯೇ ಆಮೇಲೆ ಒಪ್ಪಿ ಕ್ಷಮೆ ಕೇಳಿತು, ಭಾರತದ ವಹಿವಾಟು ನೋಡಿಕೊಳ್ಳುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆ್ಯಪಲ್ ಹೊಸ ಆರ್ಡರ್ ತಡೆಹಿಡಿಯಿತು. ದಾಂಧಲೆಯನ್ನು ಯಾರೂ ಸಮರ್ಥಿಸಲಾರರು. ಆದರೆ ಸಂಬಳದ ಲೆಕ್ಕವನ್ನು ಕೂರಿಸಿ ಹೇಳುವವರು ಇಲ್ಲದ ಕಡೆ ಸಿಟ್ಟು ಬೆಳೆಯುತ್ತದೆ ಎಂಬುದನ್ನು ನನ್ನ ವೃತ್ತಿಯವರು ಮರೆಯಬಾರದು.

ಕೆಲಸಕ್ಕೆ ತೆಗೆದುಕೊಳ್ಳುವ ದಿನವೇ ಒಂದು ಹಾಳೆಯಲ್ಲಿ, ಕನ್ನಡದಲ್ಲಿ, ಒಟ್ಟು ಎಷ್ಟು, ಯಾವುದಕ್ಕೆ ಎಷ್ಟು ಕಡಿತ, ಕೈಗೆ ಎಷ್ಟು, ಓಟಿ ಗಂಟೆಗೆ ಎಷ್ಟು, ಸಂಬಳ ಯಾವ ತಾರೀಖಿಗೆ ಎಂದು ಬರೆದು ಕೊಡಿ. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕೆಂಬುದು ಕಾನೂನು. ಪಿಜಿ ಬಾಡಿಗೆ, ಬೈಕಿನ ಕಂತು, ಊರಿಗೆ ಕಳಿಸುವ ಹಣ ಎಲ್ಲವೂ ಆ ತಾರೀಖನ್ನೇ ಕಾಯುತ್ತಿರುತ್ತವೆ.

2. ಪಿಎಫ್ ಲೆಕ್ಕ ಅವರ ಮೊಬೈಲಿನಲ್ಲೇ ಇದೆ

ಹಿಂದೆ ಪಿಎಫ್ ಎಂದರೆ ಕೆಲಸ ಬಿಟ್ಟಾಗ ನೆನಪಾಗುವ ಹಣ. ಈಗ ಉಮಂಗ್ ಆ್ಯಪ್ ತೆರೆದು ಪಾಸ್‌ಬುಕ್ ನೋಡುತ್ತಾರೆ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕಾದ ಕಂತು ಬಂದಿಲ್ಲದಿದ್ದರೆ ಕ್ಯಾಂಟೀನಿನಲ್ಲಿ ಮಾತು ಶುರುವಾಗುತ್ತದೆ. ಸಂಬಳದಿಂದ ಹಿಡಿದ ಹಣವನ್ನು ಕಟ್ಟದೆ ತಿರುಗಿಸಿಕೊಳ್ಳುವ ಕಾರ್ಖಾನೆಯ ಗುಟ್ಟು ಇನ್ನು ಮುಚ್ಚಿಡಲಾಗದು.

ಇಲ್ಲಿ ನಮ್ಮ ಕಡೆಯಿಂದ ಆಗಬೇಕಾದ ದೊಡ್ಡ ಉಪಕಾರ ಹೆಸರು ಸರಿಪಡಿಸುವುದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ.’, ಆಧಾರ್‌ನಲ್ಲಿ ‘ಮಂಜುನಾಥ್’, ಬ್ಯಾಂಕಿನಲ್ಲಿ ತಂದೆಯ ಹೆಸರೂ ಊರಿನ ಹೆಸರೂ ಸೇರಿ ಮೂರು ಪದ. ಸೇರುವ ದಿನ ಯಾರೂ ಗಮನಿಸುವುದಿಲ್ಲ. ವರ್ಷಗಳ ಮೇಲೆ ತಂಗಿಯ ಮದುವೆಗೆ ಪಿಎಫ್ ತೆಗೆಯಲು ಹೋದಾಗ ಅರ್ಜಿ ತಿರಸ್ಕೃತವಾಗುತ್ತದೆ. ಮೊದಲ ವಾರದಲ್ಲೇ ಯುಎಎನ್, ಆಧಾರ್, ಬ್ಯಾಂಕ್ ಮೂರನ್ನೂ ಹೊಂದಿಸಿಕೊಟ್ಟ ಗುಮಾಸ್ತನನ್ನು ಹುಡುಗರು ಕೊನೆಯವರೆಗೂ ನೆನೆಯುತ್ತಾರೆ. ಇಎಸ್‌ಐ ಬಗ್ಗೆಯೂ ಹಾಗೆಯೇ. ಅವಲಂಬಿತ ತಂದೆತಾಯಿಗೂ ಚಿಕಿತ್ಸೆ ಸಿಗುತ್ತದೆ, ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70ರಷ್ಟು ಬರುತ್ತದೆ ಎಂದು ಬಿಡಿಸಿ ಹೇಳಿದ ಮೇಲೆ, ಅವರಿಗೆ ಆ 150 ರೂಪಾಯಿ ಹೊರೆ ಎನ್ನಿಸುವುದಿಲ್ಲ.

3. ಬೈದರೆ ಕಲಿಯುತ್ತಾರೆ ಎಂಬ ನಂಬಿಕೆ ಬಿಡಿ

ಕೆಲಸ ಬಿಡುವ ದಿನ ಕಾರಣ ಕೇಳಿದರೆ ‘ಮನೇಲಿ ಪ್ರಾಬ್ಲಂ ಸರ್’ ಎನ್ನುತ್ತಾರೆ. ಒಂದೆರಡು ವಾರ ಬಿಟ್ಟು ಫೋನ್ ಮಾಡಿ, ‘ಏನಪ್ಪ, ಹೇಗಿದ್ದೀಯ? ನಿಜವಾಗಿ ಏನಾಯ್ತು?’ ಎಂದು ವಿಚಾರಿಸಿದರೆ ಬೇರೆಯೇ ಉತ್ತರ ಬರುತ್ತದೆ. ‘ಎಲ್ಲರ ಮುಂದೆ ಅಪ್ಪ ಅಮ್ಮನ್ನ ಸೇರಿಸಿ ಬೈದ್ರು ಸರ್.’ ಬಿಟ್ಟುಹೋದವರಿಗೆ ಹೀಗೆ ಫೋನ್ ಮಾಡುವುದನ್ನು ನಾನು ಕೆಲಸದ ಭಾಗವಾಗಿಯೇ ಮಾಡಿಕೊಂಡಿದ್ದೇನೆ. ಸಂಬಳಕ್ಕಿಂತ ಹೆಚ್ಚು ಬಾರಿ ನನಗೆ ಸಿಕ್ಕ ಕಾರಣ ಸೂಪರ್‌ವೈಸರನ ಬಾಯಿ.

ಬೈಗುಳದಿಂದ ಹೋಗುವುದು ಆಳು ಮಾತ್ರವಲ್ಲ, ಗುಣಮಟ್ಟವೂ ಹೋಗುತ್ತದೆ. ಆಫ್‌ಸೆಟ್ ತಪ್ಪಿ ಒಂದು ಬೋರ್ 20 ಮೈಕ್ರಾನ್ ದೊಡ್ಡದಾಯಿತು ಎಂದುಕೊಳ್ಳಿ. ಹುಡುಗ ಬಂದು ಹೇಳಿದರೆ ಒಂದು ಪೀಸು ಸ್ಕ್ರ್ಯಾಪ್, ಆಫ್‌ಸೆಟ್ ಸರಿಮಾಡಿ ಮುಂದುವರಿಯಬಹುದು. ಹೇಳಿದ್ದಕ್ಕೆ ಬೈಸಿಕೊಂಡವನು ಮುಂದಿನ ಸಲ ಆ ಪೀಸನ್ನು ಒಳ್ಳೆಯ ಪೀಸುಗಳ ನಡುವೆ ಸೇರಿಸಿಬಿಡುತ್ತಾನೆ. ಅದು ಗ್ರಾಹಕರ ಅಸೆಂಬ್ಲಿ ಲೈನಿನಲ್ಲಿ ಸಿಕ್ಕಿಬೀಳುತ್ತದೆ, ಇಡೀ ಲಾಟ್ ವಾಪಸ್ ಬರುತ್ತದೆ. ತಪ್ಪನ್ನು ತಾನಾಗಿಯೇ ಬಂದು ಹೇಳಿದವನಿಗೆ ಬೈಗುಳವಿಲ್ಲ ಎಂಬ ಒಂದು ನಿಯಮ ಜಾರಿಯಾದ ಕಡೆ ರಿಜೆಕ್ಷನ್ ಲೆಕ್ಕ ಮೊದಲು ಏರುತ್ತದೆ, ಏಕೆಂದರೆ ಅಡಗಿದ್ದದ್ದು ಹೊರಗೆ ಬರುತ್ತದೆ. ಆಮೇಲೆ ಇಳಿಯುತ್ತದೆ.

ಸೂಪರ್‌ವೈಸರ್‌ಗಳನ್ನು ದೂರಿ ಪ್ರಯೋಜನವಿಲ್ಲ. ಅವರಲ್ಲಿ ಹೆಚ್ಚಿನವರು ಆಪರೇಟರ್‌ಗಳಾಗಿಯೇ ಬಂದು, ಬೈಸಿಕೊಂಡೇ ಕಲಿತು ಮೇಲೆ ಬಂದವರು. ಮೆಷಿನ್ ನಡೆಸುವುದನ್ನು ಕಲಿಸಿದೆವು, ಜನರನ್ನು ನಡೆಸಿಕೊಳ್ಳುವುದನ್ನು ಯಾರೂ ಕಲಿಸಲಿಲ್ಲ. ಡ್ರಾಯಿಂಗ್ ಮುಂದಿಟ್ಟುಕೊಂಡು ಮೆಷಿನ್ ಪಕ್ಕದಲ್ಲೇ ತಿದ್ದುವುದು, ಪಾಳಿ ಮುಗಿದ ಮೇಲೆ ಪ್ರತ್ಯೇಕವಾಗಿ ಮಾತಾಡುವುದು, ಮನೆಯವರ ಮಾತು ತರದಿರುವುದು ಇವನ್ನು ತರಬೇತಿಯಾಗಿಯೇ ಕೊಡಬೇಕು. ಬಡ್ತಿ ಕೊಡುವಾಗ ಆ ಲೈನಿನಲ್ಲಿ ಎಷ್ಟು ಜನ ಉಳಿದರು ಎಂಬುದನ್ನೂ ನೋಡಬೇಕು.

4. ಮುಂದಿನ ಮೆಟ್ಟಿಲು ಯಾವುದೆಂದು ತೋರಿಸಿ

ಇಂದಿನ ಹುಡುಗ ಎರಡನೇ ತಿಂಗಳೇ ಕೇಳುವ ಪ್ರಶ್ನೆ, ‘ಸರ್, ಮುಂದೆ ನನಗೇನು?’ ಇದನ್ನು ಅವಸರ ಎಂದು ತಳ್ಳಿಹಾಕಬೇಡಿ. ಸಿಎನ್‌ಸಿ ಮೆಷಿನ್‌ಗೆ ಪೀಸು ಹಾಕಿ, ಬಟನ್ ಒತ್ತಿ, ಪೀಸು ತೆಗೆಯುವುದನ್ನೇ ಎರಡು ವರ್ಷ ಮಾಡಿದವನಿಗೆ ಮಾರುಕಟ್ಟೆಯಲ್ಲಿ ಬೆಲೆ ಏರುವುದಿಲ್ಲ. ಟೂಲ್ ಬದಲಿಸಿ ಆಫ್‌ಸೆಟ್ ಕೊಡಬಲ್ಲವನು ಸೆಟ್ಟರ್ ಆಗುತ್ತಾನೆ, ಪ್ರೋಗ್ರಾಂ ಬರೆಯಬಲ್ಲವನು ಇನ್ನೂ ಮೇಲೆ ಹೋಗುತ್ತಾನೆ. ಈ ಏಣಿ ಅವನಿಗೆ ಗೊತ್ತು. ಹಳಬರು ಕೆಲಸದ ಗುಟ್ಟನ್ನು ಬಿಟ್ಟುಕೊಡದ ಅಂಗಳದಲ್ಲಿ ಅವನು ನಿಲ್ಲುವುದಿಲ್ಲ.

ಒಳ್ಳೆಯ ಕಾರ್ಖಾನೆಗಳಲ್ಲಿ ಗೋಡೆಯ ಮೇಲೆ ಸ್ಕಿಲ್ ಮ್ಯಾಟ್ರಿಕ್ಸ್ ಇರುತ್ತದೆ. ಪ್ರತಿಯೊಬ್ಬರ ಹೆಸರಿನ ಮುಂದೆ ಪ್ರತಿ ಮೆಷಿನ್‌ಗೆ ಒಂದು ವೃತ್ತ, ಅದರಲ್ಲಿ ನಾಲ್ಕು ಭಾಗ. ನೋಡಿ ಕಲಿಯುತ್ತಿದ್ದರೆ ಒಂದು ಭಾಗ, ಸಹಾಯ ಪಡೆದು ಮಾಡಿದರೆ ಎರಡು, ಒಬ್ಬನೇ ಮಾಡಿದರೆ ಮೂರು, ಇನ್ನೊಬ್ಬರಿಗೆ ಕಲಿಸಿದರೆ ಪೂರ್ಣ. ಆಡಿಟ್‌ಗಾಗಿ ಅಂಟಿಸುವ ಈ ಹಾಳೆಯನ್ನು ನಿಜಕ್ಕೂ ಬಳಸಿ. ಮೂರು ತಿಂಗಳಿಗೊಮ್ಮೆ ಹುಡುಗನನ್ನು ಅದರ ಮುಂದೆ ನಿಲ್ಲಿಸಿ, ಮುಂದಿನ ಮೂರು ತಿಂಗಳಲ್ಲಿ ಯಾವ ವೃತ್ತ ತುಂಬಬೇಕು, ತುಂಬಿದರೆ ಸಂಬಳ ಎಷ್ಟು ಏರುತ್ತದೆ ಎಂದು ಹೇಳಿ. ಕಲಿಸಿದ ಹಳಬನಿಗೂ ಭತ್ಯೆ ಕೊಡಿ. ಗುಟ್ಟು ಬಿಚ್ಚಿಕೊಳ್ಳಲು ಅದಕ್ಕಿಂತ ಒಳ್ಳೆಯ ದಾರಿ ನಾನು ಕಂಡಿಲ್ಲ.

ಅಪ್ರೆಂಟಿಸ್‌ಗಳ ವಿಷಯದಲ್ಲಿ ಇದು ಇನ್ನೂ ಮುಖ್ಯ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅವರು ತರಬೇತಿಗೆ ಬಂದವರು. ಅವರನ್ನು ಪೀಸಿನ ಲೆಕ್ಕದಲ್ಲಿ ದುಡಿಸುವಂತಿಲ್ಲ, ಅಪ್ರೆಂಟಿಸ್ ಸಲಹೆಗಾರರ ಒಪ್ಪಿಗೆಯಿಲ್ಲದೆ ಓಟಿ ಮಾಡಿಸುವಂತಿಲ್ಲ. ಕಡಿಮೆ ಖರ್ಚಿನ ಕೈಗಳೆಂದು ಅವರನ್ನು ಲೈನಿಗೆ ಹಚ್ಚಿದ ಕಾರ್ಖಾನೆಯನ್ನು ಅವಧಿ ಮುಗಿದ ದಿನವೇ ಬಿಟ್ಟು ಹೋಗುತ್ತಾರೆ.

ಓದು ಮುಂದುವರಿಸುವವರನ್ನು ತಡೆಯಬೇಡಿ. ಐಟಿಐ ಆದವನು ನೇರವಾಗಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು, ಡಿಪ್ಲೊಮಾ ಆದವನು ಡಿಸಿಇಟಿ ಬರೆದು ಎಂಜಿನಿಯರಿಂಗ್ ಎರಡನೇ ವರ್ಷಕ್ಕೆ ಹೋಗಬಹುದು. ಪರೀಕ್ಷೆಗೆ ರಜೆ ಕೊಟ್ಟು, ‘ಮುಗಿಸಿಕೊಂಡು ಬಾ, ಜಾಗ ಇದೆ’ ಎಂದು ಕಳಿಸಿದವರಲ್ಲಿ ಕೆಲವರು ಎಂಜಿನಿಯರಾಗಿ ಮರಳಿ ಬಂದದ್ದನ್ನು ನೋಡಿದ್ದೇನೆ. ಅವರಷ್ಟು ಕಾರ್ಖಾನೆಯನ್ನು ಬಲ್ಲವರು ಕ್ಯಾಂಪಸ್ಸಿನಿಂದ ನೇರವಾಗಿ ಸಿಗುವುದಿಲ್ಲ.

5. ರಜೆಯನ್ನೂ ಪಾಳಿಯನ್ನೂ ಮುಂಚೆಯೇ ಗೊತ್ತುಮಾಡಿ

2023ರ ಅಕ್ಟೋಬರ್‌ನಲ್ಲಿ ಎನ್.ಆರ್. ನಾರಾಯಣಮೂರ್ತಿಯವರು ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ಚರ್ಚೆ ಐಟಿ ಕಂಪನಿಗಳಲ್ಲಷ್ಟೇ ನಡೆಯಲಿಲ್ಲ, ನಮ್ಮ ಕ್ಯಾಂಟೀನಿನಲ್ಲೂ ನಡೆಯಿತು. ಕಾರ್ಖಾನೆಗಳಿಗೆ 1948ರ ಕಾಯ್ದೆ ಹಾಕಿದ ಮಿತಿ ವಾರಕ್ಕೆ 48 ಗಂಟೆ, ಅದರ ಮೇಲೆ ದುಡಿಸಿದರೆ ಎರಡು ಪಟ್ಟು ಕೂಲಿ. ಕರ್ನಾಟಕ 2023ರ ತಿದ್ದುಪಡಿಯಲ್ಲಿ ದಿನಕ್ಕೆ 12 ಗಂಟೆಯವರೆಗೆ ಅವಕಾಶ ಕೊಟ್ಟಿತಾದರೂ ವಾರದ 48 ಗಂಟೆಯ ಮಿತಿಯನ್ನು ಉಳಿಸಿಕೊಂಡಿತು.

ಹಿಂದಿನವರು ಓಟಿ ಸಿಕ್ಕರೆ ಸಾಕು ಎನ್ನುತ್ತಿದ್ದರು. ಇವರು ಓಟಿಗೆ ಬೆನ್ನು ತಿರುಗಿಸುವುದಿಲ್ಲ, ಸಂಜೆ ಐದಕ್ಕೆ ಬಂದು ‘ಇವತ್ತು ನಿಲ್ಲಬೇಕು’ ಎನ್ನುವುದನ್ನು ಒಪ್ಪುವುದಿಲ್ಲ. ಮುಂದಿನ ವಾರದ ಪಾಳಿ ಮತ್ತು ಓಟಿಯನ್ನು ಶುಕ್ರವಾರವೇ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಅರ್ಧ ತಕರಾರು ತೀರುತ್ತದೆ.

ರಜೆಯ ವಿಷಯ ಇನ್ನೂ ಸೂಕ್ಷ್ಮ. ನಮ್ಮಲ್ಲಿಗೆ ಬರುವವರು ಶಿರಾ, ಪಾವಗಡದವರಷ್ಟೇ ಅಲ್ಲ, ರಾಯಚೂರು, ಕೊಪ್ಪಳ, ಕಲಬುರಗಿಯವರು. ರಾತ್ರಿಯೆಲ್ಲ ಬಸ್ಸಿನಲ್ಲಿ ಹೋಗಿ, ಒಂದು ಹಗಲು ಊರಲ್ಲಿದ್ದು, ಮತ್ತೆ ರಾತ್ರಿ ಬಸ್ಸು ಹಿಡಿಯುವುದು ರಜೆಯಾಗದು. ಹಬ್ಬದ ಹೊತ್ತಿಗೆ ಖಾಸಗಿ ಬಸ್ಸಿನ ದರವೂ ಏರಿರುತ್ತದೆ. ಊರಿನ ಜಾತ್ರೆ, ಯುಗಾದಿ, ಬಿತ್ತನೆ, ಅಕ್ಕನ ಮದುವೆ ಇವುಗಳಿಗೆ ರಜೆ ಸಿಗದವನು ಕೇಳದೆಯೇ ಹೋಗುತ್ತಾನೆ. ಹೋದವನು ನಾಲ್ಕು ದಿನ ತಡವಾಯಿತೆಂದು ಹೆದರಿ ಮರಳುವುದೇ ಇಲ್ಲ. ‘ಹೇಳದೆ ಬಿಟ್ಟ’ ಎಂದು ನಾವು ಬರೆದುಕೊಳ್ಳುವವರಲ್ಲಿ ಇಂಥವರು ಬಹಳ.

20 ದಿನ ದುಡಿದರೆ ಒಂದು ದಿನ ಸಂಬಳಸಹಿತ ರಜೆ ಎಂಬುದು ಹಕ್ಕು. ಹಿಂದೆ ಇದಕ್ಕೆ ವರ್ಷಕ್ಕೆ 240 ದಿನ ದುಡಿದಿರಬೇಕಿತ್ತು, ಹೊಸ ಕಾರ್ಮಿಕ ಸಂಹಿತೆಯಲ್ಲಿ 180 ದಿನ ಸಾಕು. ವರ್ಷದ ಆರಂಭದಲ್ಲೇ ಪ್ರತಿಯೊಬ್ಬರಿಂದ ಊರ ಹಬ್ಬದ ತಾರೀಖು ಬರೆಸಿಕೊಂಡು, ವಾರದ ರಜೆಯ ಜೊತೆ ಸೇರಿಸಿ ನಾಲ್ಕು ದಿನ ಒಟ್ಟಿಗೆ ಕೊಡುವ ಪಟ್ಟಿ ಮಾಡಿ. ಇಬ್ಬರದು ಒಂದೇ ವಾರ ಬಂದರೆ ಅವರೇ ಮಾತಾಡಿಕೊಂಡು ಹೊಂದಿಸಿಕೊಳ್ಳುತ್ತಾರೆ.

6. ಹೆಣ್ಣುಮಕ್ಕಳ ಪ್ರಶ್ನೆಗೆ ಮೊದಲ ದಿನವೇ ಉತ್ತರ ಕೊಡಿ

ಹುಡುಗಿಯರ ಜೊತೆ ಮೊದಲ ದಿನ ಅಪ್ಪನೋ ಅಣ್ಣನೋ ಬಂದಿರುತ್ತಾರೆ. ಅವರು ಕೇಳುವುದು ನೇರವಾದ ಪ್ರಶ್ನೆಗಳು: ಬಸ್ಸು ಎಲ್ಲಿಯವರೆಗೆ, ರಾತ್ರಿ ಪಾಳಿ ಇದೆಯೇ, ಶೌಚಾಲಯ ಎಲ್ಲಿ, ಮೇಲ್ವಿಚಾರಣೆಗೆ ಹೆಂಗಸರು ಇದ್ದಾರೆಯೇ. ಹತ್ತು ಮಂದಿ ಇರುವ ಯಾವ ಕೆಲಸದ ಜಾಗದಲ್ಲೂ ಲೈಂಗಿಕ ಕಿರುಕುಳದ ದೂರಿಗೆ ಆಂತರಿಕ ಸಮಿತಿ ಇರಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಸಮಿತಿಯಲ್ಲಿ ಯಾರಿದ್ದಾರೆ, ಅವರ ಫೋನ್ ಸಂಖ್ಯೆ ಯಾವುದು ಎಂಬುದನ್ನು ಹೆಂಗಸರ ಶೌಚಾಲಯದ ಬಾಗಿಲ ಒಳಬದಿಗೆ ಅಂಟಿಸಿ. ಆಫೀಸಿನ ನೋಟಿಸ್ ಬೋರ್ಡಿನ ಮುಂದೆ ನಿಂತು ಆ ಸಂಖ್ಯೆ ಬರೆದುಕೊಳ್ಳುವ ಧೈರ್ಯ ಹೊಸ ಹುಡುಗಿಗೆ ಬರುವುದಿಲ್ಲ.

ತಿಂಗಳಿಗೆ ಒಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಋತುಚಕ್ರ ರಜೆಗೆ ರಾಜ್ಯ ಸಚಿವ ಸಂಪುಟ 2025ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅದನ್ನು ಕೇಳುವಾಗ ಲೈನ್ ಲೀಡರ್ ಮುಂದೆ ತಲೆತಗ್ಗಿಸಬೇಕಾದ ಸ್ಥಿತಿ ಇದ್ದರೆ ಆ ರಜೆ ಕಾಗದದಲ್ಲೇ ಉಳಿಯುತ್ತದೆ. ಕಾರಣ ಬರೆಯದೆ ಮೊಬೈಲಿನಲ್ಲೇ ಹಾಕಿಕೊಳ್ಳುವ ವ್ಯವಸ್ಥೆ ಮಾಡಿ.

7. ಒಂದೇ ಮೆಷಿನ್‌ಗೆ ಎರಡು ಬಣ್ಣದ ಐಡಿ ಕಾರ್ಡ್ ಬೇಡ

ಕಂಪನಿ ಕಾರ್ಮಿಕನಿಗೆ ಒಂದು ಬಣ್ಣದ ಐಡಿ ಕಾರ್ಡ್, ಗುತ್ತಿಗೆಯವನಿಗೆ ಇನ್ನೊಂದು. ಕ್ಯಾಂಟೀನಿನಲ್ಲಿ ಬೇರೆ ಸಾಲು, ಹಬ್ಬದ ಸಿಹಿ ಪೊಟ್ಟಣ ಒಬ್ಬನಿಗೆ ಇದೆ, ಇನ್ನೊಬ್ಬನಿಗೆ ಇಲ್ಲ. ಪಕ್ಕಪಕ್ಕದಲ್ಲಿ ಒಂದೇ ಕೆಲಸ ಮಾಡುವವರಿಗೆ ಇದು ಸಂಬಳದ ವ್ಯತ್ಯಾಸಕ್ಕಿಂತ ಹೆಚ್ಚು ನೋಯುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳು ಎಲ್ಲರಿಗೂ ನೇಮಕಾತಿ ಪತ್ರ ಕಡ್ಡಾಯ ಎನ್ನುತ್ತವೆ. ನಿಗದಿತ ಅವಧಿಗೆ ಸೇರಿದವರಿಗೂ ಕಾಯಂ ನೌಕರರಷ್ಟೇ ಸೌಲಭ್ಯ, ಐದು ವರ್ಷ ಕಾಯದೆ ಒಂದು ವರ್ಷಕ್ಕೇ ಗ್ರಾಚ್ಯುಟಿ ಎನ್ನುತ್ತವೆ. ನಮ್ಮ ಹುಡುಗರು ಇದನ್ನು ಯೂಟ್ಯೂಬ್‌ನಲ್ಲಿ ನೋಡಿಕೊಂಡೇ ಬರುತ್ತಾರೆ. ಅವರು ಕೇಳುವ ಮೊದಲು ನಾವೇ ಪತ್ರ ಕೊಡುವುದು ಮರ್ಯಾದೆ.

8. ಡೆಲಿವರಿ ಕೆಲಸಕ್ಕೆ ಹೋದವರಿಂದ ಕಲಿಯಿರಿ

ವಿಎಂಸಿ ಮೆಷಿನ್ ಬಿಟ್ಟು ಬೈಕಿನಲ್ಲಿ ಊಟ ತಲುಪಿಸಲು ಹೋದ ಹುಡುಗನನ್ನು ಕಂಡು ಮರುಗುವ ಮಾಲೀಕರಿದ್ದಾರೆ. ಅಲ್ಲಿ ಅವನಿಗೆ ಪಿಎಫ್ ಇಲ್ಲ, ಇಎಸ್‌ಐ ಇಲ್ಲ, ಮಳೆಯಲ್ಲೂ ಬಿಸಿಲಲ್ಲೂ ರಸ್ತೆಯ ಅಪಾಯ. ಪ್ರತಿ ವಹಿವಾಟಿನಲ್ಲಿ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲಿಗೆ ಅವಕಾಶ ಕೊಡುವ ಗಿಗ್ ಕಾರ್ಮಿಕರ ಕಾಯ್ದೆಯನ್ನು ಕರ್ನಾಟಕ ತಂದದ್ದು 2025ರಲ್ಲಿ. ಇಷ್ಟಾದರೂ ಅವನು ಹೋದದ್ದೇಕೆ? ವಾರ ವಾರ ಹಣ ಕೈಸೇರುತ್ತದೆ. ಎಷ್ಟು ದುಡಿದರೆ ಎಷ್ಟು ಎಂಬುದು ಪರದೆಯ ಮೇಲೆ ಕಾಣುತ್ತದೆ. ಯಾವಾಗ ಶುರು, ಯಾವಾಗ ಬಂದ್ ಎಂಬುದು ಅವನ ಕೈಯಲ್ಲಿದೆ. ತಲೆಯ ಮೇಲೆ ನಿಂತು ಬೈಯುವವರಿಲ್ಲ. ಈ ನಾಲ್ಕರಲ್ಲಿ ಮೂರನ್ನು ಕಾರ್ಖಾನೆಯಲ್ಲೂ ಕೊಡಬಹುದು. ತುರ್ತಿಗೆ ದುಡಿದಷ್ಟು ದಿನದ ಸಂಬಳವನ್ನು ಮುಂಗಡವಾಗಿ ತೆಗೆದುಕೊಳ್ಳುವ ವ್ಯವಸ್ಥೆ, ದಿನದ ಗಂಟೆ ಮತ್ತು ಇನ್ಸೆಂಟಿವ್ ತೋರಿಸುವ ಮೊಬೈಲ್ ಸಂದೇಶ, ಬೈಗುಳವಿಲ್ಲದ ಶಾಪ್ ಫ್ಲೋರ್: ಇವಕ್ಕೆ ಹೊಸ ಮೆಷಿನ್ ಕೊಳ್ಳುವಷ್ಟು ಖರ್ಚಿಲ್ಲ.

9. ಬಿಡುವವರನ್ನು ಮರ್ಯಾದೆಯಿಂದ ಕಳಿಸಿ

ಮೂಲ ಅಂಕಪಟ್ಟಿಯನ್ನು ಬೀರುವಿನಲ್ಲಿಟ್ಟುಕೊಂಡು ‘ಎರಡು ವರ್ಷ ಬಿಡೋ ಹಾಗಿಲ್ಲ’ ಎನ್ನುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಅದು ತಪ್ಪು. ಅದರಿಂದ ಆಳು ಉಳಿಯುವುದಿಲ್ಲ, ಮನಸ್ಸಿಲ್ಲದ ಕೈ ಉಳಿಯುತ್ತದೆ. ರಾಜೀನಾಮೆ ಕೊಟ್ಟವರ ಸಂಬಳ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯೆನ್ಸ್ ಲೆಟರ್ ಅದೇ ದಿನ ಕೊಟ್ಟು ಕಳಿಸಿ. ಹೊಸ ಹುಡುಗರು ನಮ್ಮ ಬಗ್ಗೆ ಕೇಳಿ ತಿಳಿಯುವುದು ಜಾಹೀರಾತಿನಿಂದಲ್ಲ, ಅದೇ ಪಿಜಿಯಲ್ಲಿರುವ ಹಳೆಯ ನೌಕರನಿಂದ. ಒಳ್ಳೆಯ ರೀತಿಯಲ್ಲಿ ಹೋದವನು ತಮ್ಮನನ್ನೋ ಊರಿನ ಗೆಳೆಯನನ್ನೋ ಕಳಿಸುತ್ತಾನೆ. ನಮಗೆ ಸಿಕ್ಕ ನಂಬಿಕಸ್ತ ಕೆಲಸಗಾರರಲ್ಲಿ ಅನೇಕರು ಬಂದದ್ದು ಈ ದಾರಿಯಲ್ಲೇ.

ಮಾಲೀಕರಿಗೂ ಕಷ್ಟಗಳಿವೆ, ಬಲ್ಲೆ. ದೊಡ್ಡ ಕಂಪನಿಗಳು ಬಿಲ್ ಪಾವತಿಯನ್ನು ತಿಂಗಳುಗಟ್ಟಲೆ ತಡಮಾಡುತ್ತವೆ, ಪ್ರತಿ ವರ್ಷ ದರ ಇಳಿಸಿ ಎನ್ನುತ್ತವೆ. ಹತ್ತಿಪ್ಪತ್ತು ಮಂದಿಯ ಕಾರ್ಖಾನೆಗೆ ಎಲ್ಲರ ಸಂಬಳ ಏರಿಸುವುದು ಸುಲಭವಲ್ಲ. ಆದರೆ ಮೇಲೆ ಹೇಳಿದ್ದರಲ್ಲಿ ಬಹುಪಾಲಿಗೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಶಿಸ್ತು: ಮುಂಚೆಯೇ ಹೇಳುವುದು, ಬರೆದು ಕೊಡುವುದು, ಹೇಳಿದ ದಿನ ಮಾಡುವುದು. ಎಳೆಯರಿಗೂ ಒಂದು ಮಾತು. ಕೇಳುವ ಹಕ್ಕು ನಿಮ್ಮದು, ಕೇಳಿ. ಬಿಡುವುದಾದರೆ ಹೇಳಿ ಬಿಡಿ. ನಿಮ್ಮ ಜಾಗಕ್ಕೆ ಬರುವವನಿಗೆ ಒಂದು ವಾರ ಕೆಲಸ ತೋರಿಸಿಕೊಟ್ಟು ಹೋಗಿ.

ಕಾರ್ಖಾನೆ ನಡೆಸುವವರಲ್ಲಿ ನನ್ನ ವಿನಂತಿ ಇಷ್ಟೇ. ಈ ವಾರ ನಿಮ್ಮಲ್ಲಿ ಇತ್ತೀಚೆಗೆ ಸೇರಿದ ಹುಡುಗನನ್ನೋ ಹುಡುಗಿಯನ್ನೋ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಿ: ಈ ತಿಂಗಳು ಕೈಗೆ ಎಷ್ಟು ಬರುತ್ತದೆ ಎಂದು ಗೊತ್ತಿದೆಯೇ, ಮುಂದೆ ಯಾವ ಕೆಲಸ ಕಲಿಯುತ್ತೀಯ ಎಂದು ಯಾರಾದರೂ ಹೇಳಿದ್ದಾರೆಯೇ, ಊರಿಗೆ ಯಾವಾಗ ಹೋಗುತ್ತೀಯ ಎಂದು ಗೊತ್ತಾಗಿದೆಯೇ. ಮೂರಕ್ಕೂ ಖಚಿತ ಉತ್ತರ ಬಂದರೆ ನಿಮ್ಮ ಕಾರ್ಖಾನೆ ಸರಿಯಾದ ದಾರಿಯಲ್ಲಿದೆ. ಬರದಿದ್ದರೆ ಆ ಉತ್ತರ ಕೊಡುವ ಕೆಲಸವನ್ನು ಅಂದೇ ಶುರುಮಾಡಿ.